ರಿವಾಲ್ವರ್: ಹೊಸದೋ, ಹಳೇದೋ?

ಲೈಸೆನ್ಸ್ ಕೈಗೆ ಬಂತು. ಈಗ ಹೊಸ ರಿವಾಲ್ವರಾ, ಸೆಕೆಂಡ್ ಹ್ಯಾಂಡಾ?

ಹಳೇದು ಅಂದ್ರೆ ಅಗ್ಗ ಅನ್ನೋ ಲೆಕ್ಕ ನಮ್ಮ ದೇಶದಲ್ಲಿ ಎಷ್ಟೋ ಸಲ ತಲೆಕೆಳಗು. 1980ರ ದಶಕದಲ್ಲಿ ಖಾಸಗಿ ಆಮದಿಗೆ ಕಡಿವಾಣ ಬಿತ್ತು. ಹಾಗಾಗಿ ಅದಕ್ಕೂ ಮುಂಚೆ ಬಂದ ವೆಬ್ಲಿ ಅಂಡ್ ಸ್ಕಾಟ್‌ನಂಥ ವಿದೇಶಿ ರಿವಾಲ್ವರ್, ಕಾನ್ಪುರದಲ್ಲಿ ತಯಾರಾಗೋ ಹೊಸ .32 ಬೋರ್ ರಿವಾಲ್ವರಿಗಿಂತ ದುಬಾರಿ ಆಗಬಹುದು. ಬರೀ ಹೆಸರಿಗೆ ದುಡ್ಡು ಸುರಿಯಬೇಡಿ.

ಹಳೇದನ್ನೇ ನೋಡ್ತೀರಾ? ಮೊದಲು ಡೀಲರ್ ಕೈಲೇ ಸಿಲಿಂಡರ್ ತೆಗೆಸಿ, ಆರೂ ಕೋಣೆ ಖಾಲಿ ಇರೋದನ್ನ ಕಣ್ಣಾರೆ ನೋಡಿ. ನಳಿಗೆಯೊಳಗೆ ಟಾರ್ಚ್ ಬಿಡಿಸಿ. ಸುರುಳಿ ಗೀರುಗಳು ಸ್ಪಷ್ಟವಾಗಿ ಕಾಣಬೇಕು. ತುಕ್ಕು ತಿಂದ ಗುಳಿ ಕಂಡರೆ ಅಲ್ಲಿಗೇ ಬಿಟ್ಟುಬಿಡಿ. ಆಮೇಲೆ ಹ್ಯಾಮರನ್ನ ನಿಧಾನಕ್ಕೆ ಹಿಂದಕ್ಕೆ ಎಳೆಸಿ. ಸಿಲಿಂಡರ್ ತಿರುಗಿ ಟಕ್ ಅಂತ ಗಟ್ಟಿಯಾಗಿ ನಿಲ್ಲಬೇಕು. ಸಡಿಲವಾಗಿ ಅಲ್ಲಾಡ್ತಿದ್ದರೆ ಕೋಣೆಗೂ ನಳಿಗೆಗೂ ನೇರ ಕೂಡಲ್ಲ. ಗುಂಡು ಹಾರಿಸಿದಾಗ ಸೀಸದ ಚೂರು ಪಕ್ಕಕ್ಕೆ ಸಿಡಿಯುತ್ತೆ. ಪಕ್ಕದಲ್ಲಿ ನಿಂತವರ ಕಣ್ಣು ಹೋಗಬಹುದು. ಅದಕ್ಕೇ ಹೇಳ್ತಿರೋದು, ಆರೂ ಕೋಣೆಗೆ ಈ ಪರೀಕ್ಷೆ ಮಾಡಿಸಿ.

ಪರಿಚಯದವರ ಹತ್ತಿರ ಕೊಳ್ಳೋದಾದ್ರೆ, 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಮಾರುವವರು ಜಿಲ್ಲಾ ಮ್ಯಾಜಿಸ್ಟ್ರೇಟರಿಗೋ ಹತ್ತಿರದ ಠಾಣೆಗೋ ಮೊದಲೇ ಬರೆದು ತಿಳಿಸಬೇಕು. 45 ದಿನ ಕಳೆಯೋವರೆಗೂ ಅದು ಕೈ ಬದಲಾಗೋ ಹಾಗಿಲ್ಲ. ಗನ್ ಮೇಲಿನ ನಂಬರನ್ನ ಅವರ ಲೈಸೆನ್ಸಿನಲ್ಲಿರೋ ನಂಬರಿಗೆ ಒಂದೊಂದೇ ಅಂಕಿ ತಾಳೆ ನೋಡಿ.

ಮೊದಲ ಸಲ ಕೊಳ್ಳುವವರಿಗೆ ನಾನು ಹೇಳೋದು ಹೊಸದನ್ನೇ. ಅದು ಯಾರ ಕೈಯಲ್ಲಿ ಎಷ್ಟು ಸವೆದಿದೆ ಅನ್ನೋ ಚಿಂತೆ ಇರಲ್ಲ. ಹಳೇ ವಿದೇಶಿ ಮಾಡೆಲ್ಲಿಗೆ ಒಂದು ಸ್ಪ್ರಿಂಗ್ ಮುರಿದರೂ ಬಿಡಿಭಾಗಕ್ಕೆ ಅಲೆದಾಟ ತಪ್ಪಲ್ಲ.