ಕಾಯಿಲೋವರ್: ನೂರು ರೂಪಾಯಿಯಲ್ಲಿ ಎಷ್ಟು ಯಾವುದಕ್ಕೆ?

ಸಂಜೆ ಕಾಲೇಜಿನ ಗೇಟಿನ ಎದುರು ನಿಂತರೆ ನೆಲಕ್ಕೆ ತಾಗುವಂತೆ ತಗ್ಗಿಸಿದ ಒಂದಾದರೂ ಕಾರು ಕಣ್ಣಿಗೆ ಬೀಳುತ್ತದೆ. "ಕಾಯಿಲೋವರ್ ಹಾಕ್ಸಿದ್ದಾರೆ ಕಣೋ" ಎಂದು ನಮ್ಮ ಹುಡುಗರು ಕಣ್ಣರಳಿಸಿ ನೋಡುತ್ತಾರೆ. ಅದು ನಿಜವಾಗಿ ಏನು? ಕಡಿಮೆ ದುಡ್ಡಿನಲ್ಲಿ ಆಗುತ್ತದೆಯೇ? ದಿನವೂ ಮನೆಯವರನ್ನು ಕೂರಿಸಿಕೊಂಡು ಓಡುವ ಕಾರಿಗೆ ಸರಿಹೋಗುತ್ತದೆಯೇ? ಈ ಮೂರು ಪ್ರಶ್ನೆಗಳಿಗೆ ಉತ್ತರ ಬರೆಯುವುದು ಈ ಲೇಖನದ ಉದ್ದೇಶ.

ನಾನು ವಾಣಿಜ್ಯ ವಿಭಾಗದವನು. ವಯಸ್ಸು ಹದಿನೇಳು, ಆದ್ದರಿಂದ ಲೈಸೆನ್ಸ್ ಕೂಡ ಇಲ್ಲ. ಆದರೆ ನಮ್ಮ ಮನೆಯ 2010ರ ಮಾರುತಿ ಸ್ವಿಫ್ಟ್‌ಗೆ ಕಾಯಿಲೋವರ್ ಹಾಕಿಸಬೇಕೆಂದು ಭಾಯಿಜಾನ್ ಹಟ ಹಿಡಿದಾಗ, ಅಬ್ಬಾ "ಮೊದಲು ಲೆಕ್ಕ ಬರೆದು ತೋರಿಸಿ" ಎಂದರು. ಲೆಕ್ಕ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಶಿವಾಜಿನಗರದಲ್ಲಿ ಗ್ಯಾರೇಜ್ ನಡೆಸುವ ಮಾಮು ಕೆಲಸದ ವಿವರ ಹೇಳಿಕೊಟ್ಟರು. ಕಾರಿನ ಹಿಂದಿನ ಸೀಟಿನಲ್ಲಿ ಕೂರುವವರು ದಾದಿ, ಅಮ್ಮಿ ಮತ್ತು ನಾನು. ಹಾಗಾಗಿ ಲೆಕ್ಕ ತಪ್ಪಿದರೆ ಮೊದಲು ಏಟು ಬೀಳುವುದು ನಮ್ಮ ಬೆನ್ನಿಗೇ.

ಸ್ಪ್ರಿಂಗ್ ಹೊರುತ್ತದೆ, ಶಾಕಪ್ ತಡೆಯುತ್ತದೆ

ಕಾರಿನ ತೂಕವನ್ನು ಹೊರುವುದು ಸ್ಪ್ರಿಂಗ್. ಅದನ್ನು ಒಮ್ಮೆ ಒತ್ತಿ ಬಿಟ್ಟರೆ ಮೇಲೆ ಕೆಳಗೆ ಕುಣಿಯುತ್ತಲೇ ಇರುತ್ತದೆ. ಆ ಕುಣಿತವನ್ನು ನಿಲ್ಲಿಸುವುದು ಡ್ಯಾಂಪರ್. ಗ್ಯಾರೇಜ್ ಭಾಷೆಯಲ್ಲಿ ಶಾಕಪ್. ಅದರೊಳಗೆ ಎಣ್ಣೆ ತುಂಬಿರುತ್ತದೆ. ಪಿಸ್ಟನ್ ಚಲಿಸಿದಾಗ ಎಣ್ಣೆ ಸಣ್ಣ ಕವಾಟಗಳ ಮೂಲಕ ನುಗ್ಗಬೇಕು. ಆ ಕಷ್ಟದಲ್ಲಿ ಚಲನೆಯ ಶಕ್ತಿ ಶಾಖವಾಗಿ ಕರಗುತ್ತದೆ. ಕೆಟ್ಟ ರಸ್ತೆಯಲ್ಲಿ ಬಹಳ ಹೊತ್ತು ಓಡಿದ ಮೇಲೆ ಶಾಕಪ್ ಮುಟ್ಟಿದರೆ ಬಿಸಿಯಾಗಿರುವುದು ಇದಕ್ಕೇ.

ಕಾಯಿಲ್ ಎಂದರೆ ಸುರುಳಿ. ಸುರುಳಿ ಸ್ಪ್ರಿಂಗ್ ಶಾಕಪ್‌ನ ಸುತ್ತ ಕೂತಿದ್ದರೆ ಅದು ಕಾಯಿಲೋವರ್. ಹಾಗೆ ನೋಡಿದರೆ ಸ್ವಿಫ್ಟ್‌ನ ಮುಂಭಾಗದಲ್ಲಿ ಕಂಪನಿಯಿಂದಲೇ ಅಂಥ ಜೋಡಣೆ ಇದೆ. ಅದನ್ನು ರೂಪಿಸಿದ ಅಮೆರಿಕದ ಎಂಜಿನಿಯರ್ ಹೆಸರಿನಲ್ಲಿ ಅದಕ್ಕೆ ಮ್ಯಾಕ್‌ಫರ್ಸನ್ ಸ್ಟ್ರಟ್ ಎನ್ನುತ್ತಾರೆ. ಅಲ್ಲಿ ಸ್ಪ್ರಿಂಗ್ ಕೂರುವ ತಟ್ಟೆಯನ್ನು ಸ್ಟ್ರಟ್‌ಗೆ ವೆಲ್ಡ್ ಮಾಡಿರುತ್ತಾರೆ, ಅಲುಗುವುದಿಲ್ಲ. ಹುಡುಗರು ಹೇಳುವ ಕಾಯಿಲೋವರ್‌ನಲ್ಲಿ ಆ ತಟ್ಟೆಯ ಜಾಗದಲ್ಲಿ ಮರೆ ಕೊರೆದ ಕೊಳವೆ ಮತ್ತು ತಿರುಗುವ ಕಾಲರ್ ಇರುತ್ತವೆ. ಕಾಲರ್ ತಿರುಗಿಸಿದರೆ ಸ್ಪ್ರಿಂಗ್ ಕೂರುವ ಜಾಗ ಮೇಲೆ ಅಥವಾ ಕೆಳಗೆ ಹೋಗುತ್ತದೆ, ಅದರೊಂದಿಗೆ ಕಾರಿನ ಎತ್ತರವೂ ಬದಲಾಗುತ್ತದೆ.

ಸ್ವಿಫ್ಟ್‌ನ ಹಿಂಭಾಗದ ಕತೆ ಬೇರೆ. ಅಲ್ಲಿ ಎರಡು ಚಕ್ರಗಳನ್ನು ಸೇರಿಸುವ ಒಂದು ಅಡ್ಡ ತೊಲೆ ಇದೆ, ಸ್ಪ್ರಿಂಗ್ ಒಂದು ಕಡೆ, ಶಾಕಪ್ ಇನ್ನೊಂದು ಕಡೆ. ಹಾಗಾಗಿ ಹಿಂದೆ ಸ್ಪ್ರಿಂಗ್ ಕೆಳಗೋ ಮೇಲೋ ಮರೆಯ ತಟ್ಟೆ ಇಟ್ಟು ಎತ್ತರ ಹೊಂದಿಸುತ್ತಾರೆ, ಶಾಕಪ್ ಬೇರೆಯಾಗಿಯೇ ಉಳಿಯುತ್ತದೆ.

ಕಾಲರ್ ಬಿಗಿ ಮಾಡಿದರೆ ಸ್ಪ್ರಿಂಗ್ ಗಟ್ಟಿಯಾಗುತ್ತದೆ ಎಂದು ಹಲವರು ನಂಬಿದ್ದಾರೆ. ಅದು ತಪ್ಪು. ಒಂದು ಮಿ.ಮೀ. ಒತ್ತಲು 4 ಕೆ.ಜಿ. ಬೇಕಾದ ಸ್ಪ್ರಿಂಗ್, ಕಾಲರ್ ಎಲ್ಲಿದ್ದರೂ 4 ಕೆ.ಜಿ.ಯನ್ನೇ ಕೇಳುತ್ತದೆ. ಕಾರಿನ ಭಾರ ಸ್ಪ್ರಿಂಗ್ ಮೇಲೆ ಇರುವವರೆಗೆ ಕಾಲರ್ ಬದಲಿಸುವುದು ಎತ್ತರವನ್ನು ಮಾತ್ರ.

ಸ್ಪ್ರಿಂಗ್ ಆರಿಸುವ ಲೆಕ್ಕ

ಸ್ವಿಫ್ಟ್ ಸುಮಾರು ಒಂದು ಟನ್ ತೂಗುತ್ತದೆ. ಎಂಜಿನ್ ಮುಂದಿರುವುದರಿಂದ ಹತ್ತರಲ್ಲಿ ಆರು ಪಾಲು ಮುಂದೆ ಎಂದಿಟ್ಟುಕೊಳ್ಳಿ. ಒಂದು ಮುಂದಿನ ಚಕ್ರಕ್ಕೆ 300 ಕೆ.ಜಿ. ಅದರಲ್ಲಿ ಚಕ್ರ, ಬ್ರೇಕ್ ಇತ್ಯಾದಿಗೆ 30 ಕಳೆದರೆ ಸ್ಪ್ರಿಂಗ್ ಹೊರುವುದು 270 ಕೆ.ಜಿ. ಇದನ್ನು ಸ್ಪ್ರಿಂಗ್‌ನ ಗಟ್ಟಿತನದಿಂದ ಭಾಗಿಸಿದರೆ ಅದು ಎಷ್ಟು ಮಿ.ಮೀ. ಕುಗ್ಗುತ್ತದೆ ಎಂಬುದು ಸಿಗುತ್ತದೆ. ಆ ಕುಗ್ಗುವಿಕೆಯ ವರ್ಗಮೂಲದಿಂದ 16ನ್ನು ಭಾಗಿಸಿದರೆ, ಕಾರು ಸೆಕೆಂಡಿಗೆ ಎಷ್ಟು ಸಲ ಕುಣಿಯುತ್ತದೆ ಎಂಬ ಅಂದಾಜು ಸಿಗುತ್ತದೆ.

ಮಿ.ಮೀ.ಗೆ 2 ಕೆ.ಜಿ. ಸ್ಪ್ರಿಂಗ್: ಕುಗ್ಗುವುದು 135 ಮಿ.ಮೀ., ಸೆಕೆಂಡಿಗೆ 1.4 ಸಲ.
ಮಿ.ಮೀ.ಗೆ 4 ಕೆ.ಜಿ. ಸ್ಪ್ರಿಂಗ್: ಕುಗ್ಗುವುದು 68 ಮಿ.ಮೀ., ಸೆಕೆಂಡಿಗೆ 1.9 ಸಲ.
ಮಿ.ಮೀ.ಗೆ 6 ಕೆ.ಜಿ. ಸ್ಪ್ರಿಂಗ್: ಕುಗ್ಗುವುದು 45 ಮಿ.ಮೀ., ಸೆಕೆಂಡಿಗೆ 2.4 ಸಲ.

ಸಾಮಾನ್ಯ ಮನೆಬಳಕೆಯ ಕಾರುಗಳು 1ರಿಂದ 1.5ರ ನಡುವೆ ಇರುತ್ತವೆ, ಮನುಷ್ಯನ ಮೈಗೆ ಅದು ಹಿತ. 2 ದಾಟಿದರೆ ರೇಸ್ ಟ್ರ್ಯಾಕ್‌ಗೆ ಚೆನ್ನ, ದಾದಿಯ ಸೊಂಟಕ್ಕೆ ಅಲ್ಲ. ವಿದೇಶಿ ಸ್ಪ್ರಿಂಗ್‌ಗಳ ಮೇಲೆ ಈ ಗಟ್ಟಿತನವನ್ನು ಇಂಚಿಗೆ ಇಷ್ಟು ಪೌಂಡ್ ಎಂದು ಬರೆದಿರುತ್ತಾರೆ. ಆ ಸಂಖ್ಯೆಯನ್ನು 56ರಿಂದ ಭಾಗಿಸಿದರೆ ನಮ್ಮ ಲೆಕ್ಕಕ್ಕೆ ಬರುತ್ತದೆ.

ಇನ್ನೊಂದು ಅಪಾಯವೂ ಈ ಅಂಕಿಗಳಲ್ಲೇ ಅಡಗಿದೆ. ಗುಂಡಿಗೆ ಇಳಿದಾಗ ಚಕ್ರ ಕೆಳಕ್ಕೆ ಜೋತು ಬೀಳುತ್ತದೆ. ಅದು 80 ಮಿ.ಮೀ. ಇಳಿಯುವಂತಿದ್ದು, ಸ್ಪ್ರಿಂಗ್ ಕುಗ್ಗಿರುವುದು 68 ಮಾತ್ರ ಎಂದಾದರೆ ಉಳಿದ 12 ಮಿ.ಮೀ.ನಲ್ಲಿ ಸ್ಪ್ರಿಂಗ್ ಸಡಿಲ. ಸಡಿಲ ಸ್ಪ್ರಿಂಗ್ ತಟ್ಟೆಯಿಂದ ಜಾರಿ ಓರೆಯಾಗಿ ಕೂರಬಹುದು, ಟೈರಿಗೆ ತಾಗಬಹುದು. ಇದನ್ನು ತಪ್ಪಿಸಲು ಮುಖ್ಯ ಸ್ಪ್ರಿಂಗ್ ಮೇಲೆ ಹೆಲ್ಪರ್ ಎಂಬ ಮೆತ್ತನೆಯ ಚಿಕ್ಕ ಸ್ಪ್ರಿಂಗ್ ಇಡುತ್ತಾರೆ. ಅದು ಭಾರ ಹೊರುವುದಿಲ್ಲ, ದೊಡ್ಡದನ್ನು ಜಾಗದಲ್ಲಿ ಹಿಡಿದಿಡುತ್ತದೆ ಅಷ್ಟೆ. ಅಗ್ಗದ ಸೆಟ್‌ಗಳಲ್ಲಿ ಮೊದಲು ಕಾಣೆಯಾಗುವುದು ಇದೇ.

ಬಜೆಟ್ ದಾರಿಗಳು

ಅತಿ ಅಗ್ಗದ ದಾರಿ ಇರುವ ಸ್ಪ್ರಿಂಗ್ ಅನ್ನೇ ಕತ್ತರಿಸುವುದು. ಇದು ಬೇಡವೇ ಬೇಡ. ಆರು ಸುತ್ತಿನ ಸ್ಪ್ರಿಂಗ್‌ನಲ್ಲಿ ಒಂದು ಸುತ್ತು ತೆಗೆದರೆ ಅದು ಶೇ. 20ರಷ್ಟು ಗಟ್ಟಿಯಾಗುತ್ತದೆ, ತುದಿ ತಟ್ಟೆಯಲ್ಲಿ ಸರಿಯಾಗಿ ಕೂರುವುದಿಲ್ಲ. ಗ್ಯಾಸ್ ಕಟರ್‌ನಿಂದ ಕತ್ತರಿಸಿದರೆ ಆ ಶಾಖಕ್ಕೆ ಉಕ್ಕಿನ ಹದವೂ ಕೆಡುತ್ತದೆ.

ಎರಡನೆಯದು ಸ್ಲೀವ್ ಕಿಟ್. ಹಳೆಯ ಸ್ಟ್ರಟ್‌ನ ತಟ್ಟೆ ಕತ್ತರಿಸಿ, ಅಲ್ಯೂಮಿನಿಯಂ ಮರೆಯ ಕೊಳವೆ ತೊಡಿಸಿ, ಎರಡೂವರೆ ಇಂಚು ಒಳವ್ಯಾಸದ ಸ್ಪ್ರಿಂಗ್ ಕೂರಿಸುತ್ತಾರೆ. ಬಿಡಿಭಾಗಗಳಿಗೆ ಜೆ.ಸಿ. ರಸ್ತೆ, ಹಳೆಯ ಸ್ಟ್ರಟ್‌ಗಳಿಗೆ ಶಿವಾಜಿನಗರದ ಗುಜರಿ ಇದೆ. ಇಲ್ಲಿ ಮಾಮು ಎರಡು ಮಾತು ಒತ್ತಿ ಹೇಳಿದರು. ಗ್ಯಾಸ್ ತುಂಬಿ ಮುಚ್ಚಿದ ಶಾಕಪ್ ಮೇಲೆ ವೆಲ್ಡಿಂಗ್ ಮಾಡಿದರೆ ಅದು ಸಿಡಿಯಬಹುದು. ಸ್ಪ್ರಿಂಗ್ ಕಂಪ್ರೆಸರ್ ಇಲ್ಲದೆ ಸ್ಟ್ರಟ್‌ನ ಮೇಲಿನ ನಟ್ಟು ಬಿಚ್ಚಿದರೆ ಒತ್ತಿ ಕೂತಿದ್ದ ಸ್ಪ್ರಿಂಗ್ ಗುಂಡಿನಂತೆ ಹಾರುತ್ತದೆ. ಇವು ಮನೆಯ ಮುಂದೆ ಭಾನುವಾರ ಮಾಡುವ ಕೆಲಸಗಳಲ್ಲ.

ಮೂರನೆಯದು ಪೂರ್ತಿ ಸಿದ್ಧ ಸೆಟ್. ಬೆಲೆ ಹೆಚ್ಚು, ಆದರೆ ಸ್ಪ್ರಿಂಗ್‌ಗೆ ಹೊಂದುವ ಶಾಕಪ್ ಜೊತೆಗೇ ಬರುತ್ತದೆ.

ಈ ಹೊಂದಾಣಿಕೆಯೇ ಇಡೀ ವಿಷಯದ ತಿರುಳು. ಸ್ಪ್ರಿಂಗ್ ಎರಡು ಪಟ್ಟು ಗಟ್ಟಿಯಾದರೆ ಅದನ್ನು ತಡೆಯಲು ಶಾಕಪ್‌ನ ಹಿಡಿತ ಸುಮಾರು 1.4 ಪಟ್ಟು ಹೆಚ್ಚಬೇಕು. ಹಳೆಯ, ಸವೆದ ಶಾಕಪ್ ಮೇಲೆ ಹೊಸ ಗಟ್ಟಿ ಸ್ಪ್ರಿಂಗ್ ಹಾಕಿದರೆ ಕಾರು ಚೆಂಡಿನಂತೆ ಪುಟಿಯುತ್ತದೆ. ಪುಟಿದ ಕ್ಷಣದಲ್ಲಿ ಟೈರು ರಸ್ತೆಯನ್ನು ಬಿಟ್ಟಿರುತ್ತದೆ. ಆಗ ಬ್ರೇಕ್ ಒತ್ತಿದರೂ ಹಿಡಿಯುವುದಿಲ್ಲ. ಹೊಳೆಯುವ ಬಣ್ಣದ ಕಾಲರ್‌ಗೆ ದುಡ್ಡು ಸುರಿದು ಶಾಕಪ್‌ನಲ್ಲಿ ಉಳಿಸುವುದು, ಅಗ್ಗಕ್ಕೆ ಸಿಕ್ಕಿತೆಂದು ಮುಗ್ಗಲು ಜೋಳ ಕೊಂಡಂತೆ.

ಆದ್ದರಿಂದ ನಾನು ಅಬ್ಬಾಗೆ ಬರೆದುಕೊಟ್ಟ ಹಂಚಿಕೆ, ಖರ್ಚು ನೂರು ರೂಪಾಯಿ ಎಂದಿಟ್ಟುಕೊಂಡರೆ, ಹೀಗಿತ್ತು:

ನಾಲ್ಕು ಶಾಕಪ್‌ಗಳಿಗೆ 50.
ಸ್ಪ್ರಿಂಗ್ ಮತ್ತು ಹೆಲ್ಪರ್‌ಗೆ 20.
ಮೇಲಿನ ಮೌಂಟ್, ಬೇರಿಂಗ್, ಬುಷ್, ಬಂಪ್ ಸ್ಟಾಪ್‌ಗೆ 10.
ಸ್ಲೀವ್ ಮತ್ತು ಕಾಲರ್‌ಗೆ 10.
ಮಜೂರಿ ಮತ್ತು ವೀಲ್ ಅಲೈನ್‌ಮೆಂಟ್‌ಗೆ 10.

ಎಷ್ಟು ತಗ್ಗಿಸಬಹುದು?

ಸ್ವಿಫ್ಟ್‌ನ ಹೊಟ್ಟೆ ನೆಲದಿಂದ 170 ಮಿ.ಮೀ. ಎತ್ತರದಲ್ಲಿದೆ. 40 ತಗ್ಗಿಸಿದರೆ 130. ನಾವು ಮೂವರು ಹಿಂದೆ ಕೂತರೆ ಸುಮಾರು 180 ಕೆ.ಜಿ., ಚಕ್ರಕ್ಕೆ 90. ಹಿಂದಿನ ಸ್ಪ್ರಿಂಗ್ ಮಿ.ಮೀ.ಗೆ 2 ಕೆ.ಜಿ. ಎಂದು ಹಿಡಿದರೆ ಕಾರು ಇನ್ನೂ 45 ಮಿ.ಮೀ. ಕೂರುತ್ತದೆ. ಹಿಂಭಾಗದಲ್ಲಿ ಉಳಿದದ್ದು 85.

ರಸ್ತೆಯ ಉಬ್ಬುಗಳಿಗೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಒಂದು ಅಳತೆ ಕೊಟ್ಟಿದೆ: ಅಗಲ 3.7 ಮೀಟರ್, ಎತ್ತರ 10 ಸೆಂ.ಮೀ., 17 ಮೀಟರ್ ತ್ರಿಜ್ಯದ ಬಾಗು. ಸ್ವಿಫ್ಟ್‌ನ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ 2.39 ಮೀಟರ್. ಆ ಅಳತೆಯ ಉಬ್ಬಿನ ಮೇಲೆ ನಾಲ್ಕೂ ಚಕ್ರ ಹತ್ತಿ ನಿಂತಾಗ, ನಡುವೆ ರಸ್ತೆ ಮೇಲೇಳುವುದು ಕೇವಲ 42 ಮಿ.ಮೀ. ತಗ್ಗಿಸಿದ ಕಾರೂ ದಾಟುತ್ತದೆ. ಆದರೆ ನಮ್ಮ ಗಲ್ಲಿಗಳಲ್ಲಿ ಒಂದು ರಾತ್ರಿಯಲ್ಲಿ ಎದ್ದು ನಿಲ್ಲುವ ಕಿರಿದಾದ ಉಬ್ಬುಗಳು ಚಕ್ರಗಳ ನಡುವೆ ಪೂರ್ತಿ 100 ಮಿ.ಮೀ. ಎದ್ದಿರುತ್ತವೆ. ಅಲ್ಲಿ 85 ಸಾಲದು. ಎಣ್ಣೆಯ ಚೇಂಬರೋ ಸೈಲೆನ್ಸರೋ ತಾಗಿಯೇ ತಾಗುತ್ತದೆ.

ಶಾಕಪ್ ಒಳಗಿನ ಜಾಗವೂ ಮುಖ್ಯ. ಮೊದಲು ಮೇಲ್ಮುಖವಾಗಿ 70 ಮಿ.ಮೀ. ಚಲಿಸಲು ಜಾಗವಿತ್ತು ಎಂದುಕೊಳ್ಳಿ. 40 ತಗ್ಗಿಸಿದರೆ 30 ಉಳಿಯಿತು. ಮೂವರು ಕೂತರೆ 45 ಬೇಕು. ಅಂದರೆ ಕಾರು ನಿಂತಲ್ಲೇ ಬಂಪ್ ಸ್ಟಾಪ್ ರಬ್ಬರ್ ಮೇಲೆ ಕೂತಿದೆ, ಸ್ಪ್ರಿಂಗ್‌ಗೆ ಮಾಡಲು ಕೆಲಸವೇ ಉಳಿದಿಲ್ಲ. ಆದ್ದರಿಂದ ಮನೆಯವರನ್ನು ಹೊರುವ ಕಾರಿಗೆ 15ರಿಂದ 20 ಮಿ.ಮೀ. ಮೀರಿ ತಗ್ಗಿಸಬಾರದು ಎಂಬುದು ನಮ್ಮ ಲೆಕ್ಕದ ತೀರ್ಮಾನ.

ಹಾಕಿಸಿದ ಮೇಲೆ

ಸಮತಟ್ಟಾದ ನೆಲದಲ್ಲಿ ಕಾರು ನಿಲ್ಲಿಸಿ, ಚಕ್ರದ ನಡುಬಿಂದುವಿನಿಂದ ಮಡ್‌ಗಾರ್ಡ್ ಅಂಚಿನವರೆಗೆ ನಾಲ್ಕೂ ಕಡೆ ಟೇಪ್ ಹಿಡಿದು ಅಳೆದು ಬರೆದಿಡಿ. ಎಡ ಬಲ ಸಮ ಇರಬೇಕು. ಒಂದು ವಾರ ಓಡಿಸಿ ಮತ್ತೆ ಅಳೆಯಿರಿ, ಹೊಸ ಸ್ಪ್ರಿಂಗ್ ಸ್ವಲ್ಪ ಕೂರುತ್ತದೆ. ಅಳತೆ ಸರಿಯಾದ ಮೇಲೆ ಲಾಕ್ ಕಾಲರ್ ಬಿಗಿ ಮಾಡಿ ವೀಲ್ ಅಲೈನ್‌ಮೆಂಟ್ ಮಾಡಿಸಿ. ಎತ್ತರ ಬದಲಾದರೆ ಚಕ್ರದ ಕೋನವೂ ಬದಲಾಗಿ ಟೈರಿನ ಒಳಅಂಚು ಬೇಗ ಸವೆಯುತ್ತದೆ. ಸ್ಟೇರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ ಬ್ರೇಕ್ ಹೋಸ್ ಎಲ್ಲೂ ಎಳೆಯುತ್ತಿಲ್ಲ, ಉಜ್ಜುತ್ತಿಲ್ಲ ಎಂದು ನೋಡಿ. ಹೆಡ್‌ಲೈಟ್ ದಿಕ್ಕನ್ನೂ ಸರಿಪಡಿಸಿ. ಮಳೆಗಾಲದ ಕೆಸರು ಮರೆಯೊಳಗೆ ಸೇರಿ ಕಾಲರ್ ಕಚ್ಚಿಕೊಂಡರೆ ಹೊಂದಿಸಬಹುದಾದ ಸೆಟ್ ಹೊಂದಿಸಲಾಗದ ಸೆಟ್ ಆಗುತ್ತದೆ. ಹಾಗಾಗಿ ಮಳೆಗೆ ಮುಂಚೆ ಮತ್ತು ನಂತರ ತೊಳೆದು ಗ್ರೀಸ್ ಹಚ್ಚಬೇಕು.

ಕಾನೂನನ್ನೂ ಮರೆಯಬಾರದು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ವಾಹನದ ಮಾರ್ಪಾಡಿಗೆ ಮಿತಿ ಹಾಕುತ್ತದೆ. 2019ರ ತಿದ್ದುಪಡಿಯ ಪ್ರಕಾರ ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ ಮಾಲೀಕರಿಗೆ 5,000 ರೂ. ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ಆರ್‌ಟಿಒ ಮತ್ತು ವಿಮೆ ಕಂಪನಿಯನ್ನು ಮೊದಲೇ ಲಿಖಿತವಾಗಿ ಕೇಳಿಕೊಳ್ಳುವುದೂ ಬಜೆಟ್‌ನ ಒಂದು ಭಾಗವೇ.

ನಮ್ಮ ಮನೆಯಲ್ಲಿ ಏನಾಯಿತು? ಲೆಕ್ಕಶಾಸ್ತ್ರದಲ್ಲಿ ಓದುತ್ತೇವಲ್ಲ, ಇರುವ ಆಸ್ತಿಯನ್ನು ಸುಸ್ಥಿತಿಯಲ್ಲಿಡುವ ಖರ್ಚು ಬೇರೆ, ಹೊಸದಾಗಿ ಬಲ ತುಂಬುವ ಬಂಡವಾಳ ವೆಚ್ಚ ಬೇರೆ ಎಂದು. ಮೊದಲನೆಯದೇ ಬಾಕಿ ಇತ್ತು: ಮುಂದಿನ ಎರಡೂ ಶಾಕಪ್ ಎಣ್ಣೆ ಸೋರುತ್ತಿದ್ದವು. ಭಾಯಿಜಾನ್ ಕೂಡಿಟ್ಟ ಹಣದಲ್ಲಿ ಮೊದಲು ನಾಲ್ಕು ಹೊಸ ಶಾಕಪ್, ಮೌಂಟ್ ಮತ್ತು ಬಂಪ್ ಸ್ಟಾಪ್ ಬಂದವು. ಸ್ಲೀವ್ ಮತ್ತು ಸ್ಪ್ರಿಂಗ್ ಮುಂದಿನ ವರ್ಷದ ಬಜೆಟ್‌ಗೆ ಹೋಗಿವೆ, ಅದೂ ಆರ್‌ಟಿಒದಿಂದ ಉತ್ತರ ಬಂದ ಮೇಲೆ. ಅವರು ಇನ್ನೂ ಸ್ವಲ್ಪ ಮುನಿಸಿಕೊಂಡಿದ್ದಾರೆ, ಆದರೆ ಕಾರು ತಿರುವಿನಲ್ಲಿ ಮೊದಲಿನಂತೆ ವಾಲುವುದಿಲ್ಲ ಎಂದು ಅವರೇ ಒಪ್ಪಿದ್ದಾರೆ.

ನೀವೂ ಇವತ್ತೇ ಒಂದು ಪರೀಕ್ಷೆ ಮಾಡಬಹುದು, ಖರ್ಚಿಲ್ಲ. ನಿಲ್ಲಿಸಿದ ಕಾರಿನ ಒಂದು ಮೂಲೆಯನ್ನು ಎರಡೂ ಕೈಯಿಂದ ಬಲವಾಗಿ ಒತ್ತಿ ಬಿಡಿ. ಒಮ್ಮೆ ಮೇಲೆದ್ದು ನಿಂತರೆ ಸಾಮಾನ್ಯವಾಗಿ ಶಾಕಪ್ ಚೆನ್ನಾಗಿದೆ. ಎರಡು ಮೂರು ಸಲ ಕುಣಿದರೆ ಕಾಯಿಲೋವರ್ ಮಾತು ಆಮೇಲೆ, ಮೊದಲು ಗ್ಯಾರೇಜಿಗೆ ಹೋಗಿ.

— ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ