ಹೆಸರಿನ ಅಂಕಣದಲ್ಲಿ ಅಡಗಿ ಬರುವ ಆಪತ್ತು

ಮನೆಯಲ್ಲಿ ಮದುವೆ ನಿಶ್ಚಯವಾಯಿತೆಂದರೆ ಮೊದಲು ಆಗಬೇಕಾದ ಕೆಲಸ ಕಲ್ಯಾಣ ಮಂಟಪವನ್ನು ಗೊತ್ತುಮಾಡುವುದು. ಹಿಂದೆ ಇದಕ್ಕಾಗಿ ಮನೆಯ ಹಿರಿಯರು ಮಂಟಪದ ಕಚೇರಿಗೆ ಹೋಗುತ್ತಿದ್ದರು. ಗುಮಾಸ್ತರು ದಪ್ಪ ರಟ್ಟಿನ ನೋಂದಣಿ ಪುಸ್ತಕವನ್ನು ತೆರೆದು, ಮುಹೂರ್ತದ ದಿನ ಖಾಲಿಯಿದೆಯೇ ಎಂದು ನೋಡಿ, ಹೆಸರು ವಿಳಾಸಗಳನ್ನು ಬರೆದುಕೊಂಡು ಮುಂಗಡಕ್ಕೆ ರಸೀತಿ ಕೊಡುತ್ತಿದ್ದರು. ಆ ಪುಸ್ತಕದಲ್ಲಿ ಯಾರು ಏನನ್ನು ಬರೆದರೂ ಅದು ಕೇವಲ ಬರಹವಾಗಿಯೇ ಉಳಿಯುತ್ತಿತ್ತು. ಹೆಸರಿನ ಅಂಕಣದಲ್ಲಿ ಯಾರಾದರೂ ‘ಬೀರುವಿನ ಬೀಗದ ಕೈಯನ್ನು ನನಗೆ ಕೊಡತಕ್ಕದ್ದು’ ಎಂದು ಬರೆದಿದ್ದರೆ ಗುಮಾಸ್ತರು ನಕ್ಕು ಅದರ ಮೇಲೆ ಗೆರೆ ಎಳೆಯುತ್ತಿದ್ದರು.

ಇಂದು ಅದೇ ಕೆಲಸ ಅನೇಕ ಕಡೆ ಅಂತರಜಾಲದ ಮೂಲಕ ನಡೆಯುತ್ತದೆ. ಮಂಟಪ, ಯಾತ್ರಿನಿವಾಸ, ವೈದ್ಯರ ಭೇಟಿ, ಪ್ರವಾಸದ ಬಸ್ಸು ಎಲ್ಲಕ್ಕೂ ಮನೆಯಲ್ಲಿಯೇ ಕುಳಿತು ಹೆಸರು ನೋಂದಾಯಿಸಬಹುದು. ಅನುಕೂಲ ದೊಡ್ಡದು, ಅದನ್ನು ಬೇಡವೆನ್ನುವವರಾರೂ ಇಲ್ಲ. ಆದರೆ ಗುಮಾಸ್ತರಿಗೆ ಬಂದ ಆ ನಗು ಗಣಕಯಂತ್ರಕ್ಕೆ ತಾನಾಗಿ ಬರುವುದಿಲ್ಲ. ಹೆಸರಿನ ಅಂಕಣದಲ್ಲಿ ಬರೆದ ಆಜ್ಞೆಯನ್ನು ಅದು ಕೆಲವೊಮ್ಮೆ ನಿಜವಾದ ಆಜ್ಞೆಯೆಂದೇ ತಿಳಿದು ನೆರವೇರಿಸಿಬಿಡುತ್ತದೆ. ಈ ದೋಷಕ್ಕೆ ತಂತ್ರಜ್ಞರು ‘ಕ್ರಾಸ್ ಸೈಟ್ ಸ್ಕ್ರಿಪ್ಟಿಂಗ್’ ಎಂದು ಹೆಸರಿಟ್ಟಿದ್ದಾರೆ. ಹೆಸರು ಕಠಿಣವಾಗಿ ಕಂಡರೂ ವಿಷಯ ಕಠಿಣವಲ್ಲ. ಜಾಲತಾಣವನ್ನು ನಡೆಸುವ ಸಂಸ್ಥೆಯವರೂ ಅದನ್ನು ಬಳಸುವ ಕುಟುಂಬದವರೂ ಇದನ್ನು ಅರಿತಿರುವುದು ಅಗತ್ಯ.

ಒಂದೇ ಪುಟದಲ್ಲಿ ಎರಡು ಬಗೆಯ ಬರಹ

ಜಾಲತಾಣದ ಪುಟವೊಂದು ನಮ್ಮ ಗಣಕಯಂತ್ರಕ್ಕೋ ಮೊಬೈಲಿಗೋ ಬರುವಾಗ ಅದು ಒಂದು ದೀರ್ಘ ಬರಹದ ರೂಪದಲ್ಲಿ ಬರುತ್ತದೆ. ಅದನ್ನು ಓದಿ ನಮಗೆ ತೋರಿಸುವ ತಂತ್ರಾಂಶಕ್ಕೆ ಬ್ರೌಸರ್ ಎಂದು ಹೆಸರು. ಆ ಬರಹದಲ್ಲಿ ಎರಡು ಬಗೆಯ ಸಂಗತಿಗಳು ಬೆರೆತಿರುತ್ತವೆ. ಒಂದು, ನಾವು ಓದಬೇಕಾದ ಮಾತು. ಇನ್ನೊಂದು, ಬ್ರೌಸರ್ ಮಾಡಬೇಕಾದ ಕೆಲಸದ ಸೂಚನೆ. ಇಂತಹ ಸೂಚನೆಗಳನ್ನು ಬರೆಯುವ ಜಾವಾಸ್ಕ್ರಿಪ್ಟ್ ಎಂಬ ಭಾಷೆಯನ್ನು 1995ರಲ್ಲಿ ನೆಟ್‌ಸ್ಕೇಪ್ ಕಂಪನಿಯ ಬ್ರೆಂಡನ್ ಐಕ್ ಅವರು ಕೇವಲ ಹತ್ತು ದಿನಗಳಲ್ಲಿ ರೂಪಿಸಿದರು. ಇಂದು ಬಹುಮಟ್ಟಿಗೆ ಎಲ್ಲ ಜಾಲತಾಣಗಳೂ ಅದನ್ನು ಬಳಸುತ್ತವೆ.

ಮಾತು ಯಾವುದು, ಸೂಚನೆ ಯಾವುದು ಎಂಬುದನ್ನು ಬ್ರೌಸರ್ ಒಂದು ಗುರುತಿನಿಂದ ತಿಳಿಯುತ್ತದೆ. ಗಣಿತದಲ್ಲಿ ‘ಇದಕ್ಕಿಂತ ಕಡಿಮೆ’ ಎಂದು ತೋರಿಸಲು ಬಳಸುವ ಕೋನಾಕಾರದ ಚಿಹ್ನೆಯೇ ಆ ಗುರುತು. ಆ ಚಿಹ್ನೆಯ ಒಳಗೆ ‘ಸ್ಕ್ರಿಪ್ಟ್’ ಎಂಬ ಪದ ಬಂದರೆ, ಮುಂದಿನದು ಸೂಚನೆಯೆಂದು ತಿಳಿದು ಬ್ರೌಸರ್ ಅದನ್ನು ನೆರವೇರಿಸಲು ತೊಡಗುತ್ತದೆ.

ಈಗ ನೋಂದಣಿಯ ನಮೂನೆಯನ್ನು ತೆಗೆದುಕೊಳ್ಳೋಣ. ಹೆಸರಿನ ಅಂಕಣದಲ್ಲಿ ಒಬ್ಬ ಕಿಡಿಗೇಡಿ ತನ್ನ ಹೆಸರಿಗೆ ಬದಲಾಗಿ ಆ ಚಿಹ್ನೆಯನ್ನೂ ಒಂದು ಸೂಚನೆಯನ್ನೂ ಬರೆದು ಕಳುಹಿಸುತ್ತಾನೆ. ಜಾಲತಾಣ ಅದನ್ನು ಪರೀಕ್ಷಿಸದೆ ದಾಖಲಿಸಿಕೊಳ್ಳುತ್ತದೆ. ಮರುದಿನ ಕಚೇರಿಯ ವ್ಯವಸ್ಥಾಪಕರು ತಮ್ಮ ಪಾಸ್‌ವರ್ಡ್ ಕೊಟ್ಟು ಒಳಗೆ ಪ್ರವೇಶಿಸಿ, ನಿನ್ನೆ ಯಾರಾರು ನೋಂದಾಯಿಸಿದ್ದಾರೆಂದು ಪಟ್ಟಿ ತೆರೆಯುತ್ತಾರೆ. ಆ ಕ್ಷಣದಲ್ಲಿ ಅಡಗಿದ್ದ ಸೂಚನೆ ಎಚ್ಚೆತ್ತು, ವ್ಯವಸ್ಥಾಪಕರ ಅಧಿಕಾರದಿಂದಲೇ ಕೆಲಸ ಮಾಡುತ್ತದೆ. ಅದು ಹೊಸದೊಂದು ಮೇಲ್ವಿಚಾರಕ ಖಾತೆಯನ್ನು ಸೃಷ್ಟಿಸಬಹುದು, ನೋಂದಾಯಿಸಿದವರೆಲ್ಲರ ಹೆಸರು, ದೂರವಾಣಿ ಸಂಖ್ಯೆಗಳನ್ನು ಹೊರಗೆ ಕಳುಹಿಸಬಹುದು, ಹಣ ಪಾವತಿಯ ಪುಟವನ್ನೇ ತಿದ್ದಬಹುದು. ವ್ಯವಸ್ಥಾಪಕರು ಯಾವ ಅಪರಿಚಿತ ಕಡತವನ್ನೂ ತೆರೆದಿರುವುದಿಲ್ಲ, ಯಾರಿಗೂ ಪಾಸ್‌ವರ್ಡ್ ಹೇಳಿರುವುದಿಲ್ಲ. ತಮ್ಮ ದಿನನಿತ್ಯದ ಕರ್ತವ್ಯವನ್ನಷ್ಟೇ ಮಾಡಿರುತ್ತಾರೆ.

ನಡೆದ ಸಂಗತಿಗಳು

ಇದು ಕಲ್ಪನೆಯ ಮಾತಲ್ಲ. ಜಗತ್ತಿನ ಜಾಲತಾಣಗಳ ಪೈಕಿ ಶೇಕಡಾ 40ಕ್ಕೂ ಹೆಚ್ಚು ವರ್ಡ್‌ಪ್ರೆಸ್ ಎಂಬ ತಂತ್ರಾಂಶದ ಮೇಲೆ ನಿಂತಿವೆ. 2003ರಲ್ಲಿ ಆರಂಭವಾದ ಈ ತಂತ್ರಾಂಶ ಉಚಿತವಾಗಿ ದೊರೆಯುತ್ತದೆ. ಅದಕ್ಕೆ ಬೇಕಾದ ಸೌಲಭ್ಯಗಳನ್ನು ಸೇರಿಸಿಕೊಳ್ಳಲು ಬೇರೆ ಬೇರೆಯವರು ತಯಾರಿಸಿದ ಸಿದ್ಧ ಜೋಡಣೆಗಳಿವೆ. ಇವುಗಳಿಗೆ ಪ್ಲಗಿನ್ ಎನ್ನುತ್ತಾರೆ. ಸಣ್ಣ ಸಂಸ್ಥೆಯೊಂದು ಜಾಲತಾಣ ಮಾಡಿಸಿದಾಗ, ಅದರಲ್ಲಿನ ನೋಂದಣಿಯ ಕ್ಯಾಲೆಂಡರ್ ಸಾಮಾನ್ಯವಾಗಿ ಇಂತಹ ಪ್ಲಗಿನ್ ಆಗಿರುತ್ತದೆ.

ಅಮೇಲಿಯಾ ಎಂಬ ನೋಂದಣಿ ಪ್ಲಗಿನ್ನಿನಲ್ಲಿ 2022ರಲ್ಲಿ ಇಂತಹ ದೋಷ ಬಯಲಾಯಿತು. ಗ್ರಾಹಕರ ಹೆಸರಿನ ಕೊನೆಯ ಭಾಗವನ್ನು, ಅಂದರೆ ಮನೆತನದ ಹೆಸರನ್ನು, ಬರೆಯುವ ಅಂಕಣವನ್ನು ಅದು ಸರಿಯಾಗಿ ಶುದ್ಧಗೊಳಿಸುತ್ತಿರಲಿಲ್ಲ. ಅಲ್ಲಿ ಬರೆದ ಸೂಚನೆ, ಆ ದಿನಾಂಕದ ಕ್ಯಾಲೆಂಡರನ್ನು ಯಾರಾದರೂ ತೆರೆದಾಗ ಜಾಗೃತವಾಗುತ್ತಿತ್ತು. 1.0.46ರವರೆಗಿನ ಆವೃತ್ತಿಗಳಲ್ಲಿ ಈ ದೋಷವಿತ್ತು. ಮರುವರ್ಷ, 2023ರಲ್ಲಿ, ಬುಕ್ಲಿ ಎಂಬ ಮತ್ತೊಂದು ಪ್ರಸಿದ್ಧ ಪ್ಲಗಿನ್ನಿನ 21.5ರವರೆಗಿನ ಆವೃತ್ತಿಗಳಲ್ಲಿ ಪೂರ್ಣ ಹೆಸರಿನ ಅಂಕಣದಲ್ಲಿಯೇ ಇಂತಹ ದೋಷವಿರುವುದು ಪ್ರಕಟವಾಯಿತು. ಖಾತೆಯಿಲ್ಲದ ಯಾವ ದಾರಿಹೋಕನೂ ಅದನ್ನು ದುರುಪಯೋಗಪಡಿಸಿಕೊಳ್ಳಬಹುದಾಗಿತ್ತು. ಎರಡೂ ಕಡೆ ತಯಾರಕರು ಹೊಸ ಆವೃತ್ತಿಗಳಲ್ಲಿ ದೋಷವನ್ನು ಸರಿಪಡಿಸಿದರು. ಆದರೆ ಹಳೆಯ ಆವೃತ್ತಿಯನ್ನೇ ಇಟ್ಟುಕೊಂಡು ಕುಳಿತ ಜಾಲತಾಣಕ್ಕೆ ಆ ತಿದ್ದುಪಡಿಯಿಂದ ಯಾವ ಪ್ರಯೋಜನವೂ ಇಲ್ಲ. ದೋಷ ಪ್ರಕಟವಾದ ಮೇಲೆ ಅದು ಒಳ್ಳೆಯವರಿಗೆ ತಿಳಿಯುವಂತೆ ಕೆಟ್ಟವರಿಗೂ ತಿಳಿಯುತ್ತದೆ ಎಂಬುದನ್ನು ಮರೆಯಬಾರದು.

ಈ ಬಗೆಯ ದೋಷ ಎಷ್ಟು ವೇಗವಾಗಿ ಹರಡಬಲ್ಲದು ಎಂಬುದನ್ನು ಜಗತ್ತು ಮೊದಲು ಕಂಡದ್ದು 2005ರ ಅಕ್ಟೋಬರಿನಲ್ಲಿ. ಸ್ಯಾಮಿ ಕಾಮ್ಕರ್ ಎಂಬ ಹತ್ತೊಂಬತ್ತರ ತರುಣ ಅಮೆರಿಕೆಯ ಮೈಸ್ಪೇಸ್ ಜಾಲತಾಣದ ತನ್ನ ಪರಿಚಯ ಪುಟದಲ್ಲಿ ಒಂದು ಸೂಚನೆಯನ್ನು ಅಡಗಿಸಿಟ್ಟ. ಅವನ ಪುಟವನ್ನು ನೋಡಿದವರ ಪುಟಕ್ಕೂ ಅದು ತಾನಾಗಿ ಅಂಟಿಕೊಂಡು, ಸ್ಯಾಮಿಯೇ ತಮ್ಮ ನಾಯಕನೆಂದು ಅವರಿಂದ ಹೇಳಿಸುತ್ತಿತ್ತು. ಇಪ್ಪತ್ತು ಗಂಟೆಗಳೊಳಗೆ 10 ಲಕ್ಷಕ್ಕೂ ಹೆಚ್ಚು ಪುಟಗಳಿಗೆ ಅದು ವ್ಯಾಪಿಸಿತು. ಮೈಸ್ಪೇಸಿನವರು ‘ಜಾವಾಸ್ಕ್ರಿಪ್ಟ್’ ಎಂಬ ಪದವನ್ನೇ ನಿಷೇಧಿಸಿದ್ದರು. ಆ ತರುಣ ಪದವನ್ನು ಎರಡಾಗಿ ಮುರಿದು ಎರಡು ಸಾಲುಗಳಲ್ಲಿ ಬರೆದು ಆ ಕಾವಲನ್ನು ದಾಟಿದ್ದ. ತಮಾಷೆಗೆಂದು ಮಾಡಿದ ಈ ಕೃತ್ಯಕ್ಕೆ 2007ರಲ್ಲಿ ನ್ಯಾಯಾಲಯ ಅವನಿಗೆ ಮೂರು ವರ್ಷಗಳ ಪರಿವೀಕ್ಷಣೆಯನ್ನೂ ಸಮಾಜಸೇವೆಯ ಶಿಕ್ಷೆಯನ್ನೂ ವಿಧಿಸಿತು.

ಪರರ ಸೂಚನೆಯೊಂದು ನೋಂದಣಿ ಪುಟವನ್ನು ಹೊಕ್ಕರೆ ಕುಟುಂಬಗಳಿಗೆ ಒದಗುವ ಹಾನಿ ಎಂತಹುದು ಎಂಬುದಕ್ಕೆ ಬ್ರಿಟಿಷ್ ಏರ್‌ವೇಸ್ ಪ್ರಕರಣ ಸಾಕ್ಷಿ. 2018ರ ಆಗಸ್ಟ್ 21ರಿಂದ ಸೆಪ್ಟೆಂಬರ್ 5ರವರೆಗೆ ಆ ವಿಮಾನ ಸಂಸ್ಥೆಯ ಟಿಕೆಟ್ ಜಾಲತಾಣದಲ್ಲಿ ಕೇವಲ 22 ಸಾಲುಗಳ ಒಂದು ಕಳ್ಳ ಸೂಚನೆ ಕುಳಿತಿತ್ತು. ಪ್ರಯಾಣಿಕರು ಕಾರ್ಡಿನ ವಿವರಗಳನ್ನು ತುಂಬಿ ಗುಂಡಿ ಒತ್ತಿದೊಡನೆ ಅದರ ಒಂದು ಪ್ರತಿ ಕಳ್ಳರಿಗೂ ತಲಪುತ್ತಿತ್ತು. ಇಲ್ಲಿ ಕಳ್ಳರು ಒಳಹೊಕ್ಕಿದ್ದು ಹೆಸರಿನ ಅಂಕಣದ ಮೂಲಕವಲ್ಲ, ಸಂಸ್ಥೆಗೆ ಸೇವೆ ಒದಗಿಸುತ್ತಿದ್ದ ಬೇರೊಂದು ಸಂಸ್ಥೆಯ ನೌಕರರ ಪ್ರವೇಶಾಧಿಕಾರದ ಮೂಲಕ. ದಾರಿ ಬೇರೆಯಾದರೂ ಒಳಗೆ ಬಂದ ಮೇಲಿನ ಕೆಲಸ ಒಂದೇ. ಸುಮಾರು 4 ಲಕ್ಷ 29 ಸಾವಿರ ಜನರ ವಿವರಗಳು ಅಪಾಯಕ್ಕೊಳಗಾದವು. 2020ರ ಅಕ್ಟೋಬರಿನಲ್ಲಿ ಬ್ರಿಟನ್ನಿನ ಮಾಹಿತಿ ಆಯುಕ್ತರ ಕಚೇರಿ ಆ ಸಂಸ್ಥೆಗೆ 2 ಕೋಟಿ ಪೌಂಡ್ ದಂಡ ವಿಧಿಸಿತು. ಜಾಲತಾಣದ ವಿಳಾಸ ಸರಿಯಾಗಿತ್ತು, ಬೀಗದ ಚಿಹ್ನೆಯೂ ಇತ್ತು. ಪ್ರಯಾಣಿಕರಿಗೆ ಸಂದೇಹ ಬರಲು ಕಾರಣವೇ ಇರಲಿಲ್ಲ.

ಪರಿಹಾರ ಏನು?

ಕೆಟ್ಟ ಪದಗಳ ಪಟ್ಟಿ ಮಾಡಿ ತಡೆಯುವುದು ಸಾಲದೆಂದು ಮೈಸ್ಪೇಸ್ ಪ್ರಸಂಗವೇ ತೋರಿಸಿಕೊಟ್ಟಿತು. ಸರಿಯಾದ ಮಾರ್ಗ ಬೇರೆಯಿದೆ. ಹೊರಗಿನವರು ಬರೆದದ್ದನ್ನು ಪುಟದಲ್ಲಿ ತೋರಿಸುವ ಮುನ್ನ ಆ ಕೋನಾಕಾರದ ಚಿಹ್ನೆಯನ್ನು ಅದರ ಸಂಕೇತರೂಪಕ್ಕೆ ಬದಲಾಯಿಸಬೇಕು. ಆಗ ಬ್ರೌಸರ್ ಆ ಚಿಹ್ನೆಯನ್ನು ತೆರೆಯ ಮೇಲೆ ಬರೆದು ತೋರಿಸುತ್ತದೆಯೇ ಹೊರತು ಅದರ ಮಾತನ್ನು ಪಾಲಿಸುವುದಿಲ್ಲ. ವರ್ಡ್‌ಪ್ರೆಸ್ಸಿನಲ್ಲಿ ಇದಕ್ಕೆ ಸಿದ್ಧ ಸೌಲಭ್ಯಗಳಿವೆ. ಪ್ಲಗಿನ್ ಬರೆಯುವವರು ಎಲ್ಲ ಅಂಕಣಗಳಿಗೂ ತಪ್ಪದೆ ಅವನ್ನು ಅಳವಡಿಸಬೇಕು. ಹತ್ತು ಅಂಕಣಗಳಲ್ಲಿ ಒಂಬತ್ತಕ್ಕೆ ಕಾವಲಿಟ್ಟು ಒಂದನ್ನು ಬಿಟ್ಟರೂ ಮನೆಯ ಹಿತ್ತಿಲ ಬಾಗಿಲು ತೆರೆದಿಟ್ಟಂತೆಯೇ.

ಜಾಲತಾಣವನ್ನು ನಡೆಸುವ ಸಂಘ, ಟ್ರಸ್ಟ್, ಮಂಟಪಗಳ ಆಡಳಿತದವರು ತಂತ್ರಜ್ಞರಾಗಬೇಕಾಗಿಲ್ಲ. ಜಾಲತಾಣ ಮಾಡಿಕೊಟ್ಟವರಿಗೆ ಅವರು ಮೂರು ಪ್ರಶ್ನೆಗಳನ್ನು ಕೇಳಿದರೆ ಸಾಕು. ನಮ್ಮ ನೋಂದಣಿ ಪ್ಲಗಿನ್ ಯಾವುದು? ಅದನ್ನು ಕೊನೆಯ ಬಾರಿ ಯಾವಾಗ ನವೀಕರಿಸಲಾಯಿತು? ಇನ್ನು ಮುಂದೆ ನವೀಕರಿಸುವ ಹೊಣೆ ಯಾರದು? ಜಾಲತಾಣ ಮಾಡಿಸುವಾಗ ಹಣ ತೆತ್ತು, ಅನಂತರ ವರ್ಷಗಟ್ಟಲೆ ಅದರ ಕಡೆ ತಿರುಗಿಯೂ ನೋಡದಿರುವುದು, ಕಟ್ಟಡ ಕಟ್ಟಿಸಿ ಸುಣ್ಣ ಬಣ್ಣವನ್ನೇ ಮರೆತಂತೆ.

ಇನ್ನೆರಡು ಮಾತುಗಳು. ನೋಂದಣಿಯ ಪಟ್ಟಿಯನ್ನು ನೋಡುವ ಸಿಬ್ಬಂದಿಗೆ ಇಡೀ ಜಾಲತಾಣದ ಮೇಲ್ವಿಚಾರಣೆಯ ಅಧಿಕಾರ ಬೇಕಾಗಿಲ್ಲ. ಅವರಿಗೆ ಪ್ರತ್ಯೇಕವಾದ, ಮಿತವಾದ ಅಧಿಕಾರವುಳ್ಳ ಖಾತೆಯನ್ನು ಕೊಟ್ಟರೆ ಅಡಗಿ ಬಂದ ಸೂಚನೆಗೂ ಅಷ್ಟೇ ಮಿತವಾದ ಅಧಿಕಾರ ದೊರೆಯುತ್ತದೆ. ಎರಡನೆಯದಾಗಿ, ಅನಗತ್ಯವಾದುದನ್ನು ಕೇಳಬಾರದು. ಮಂಟಪ ಗೊತ್ತುಮಾಡಲು ಬಂದವರಿಂದ ಆಧಾರ್ ಸಂಖ್ಯೆ, ಜನ್ಮದಿನಾಂಕಗಳನ್ನು ಪಡೆದು ವರ್ಷಾನುಗಟ್ಟಲೆ ಕೂಡಿಡುವುದೇಕೆ? ಇಲ್ಲದ ವಸ್ತುವನ್ನು ಕಳ್ಳನೂ ಕದಿಯಲಾರ. 2023ರಲ್ಲಿ ಭಾರತದ ಸಂಸತ್ತು ಅಂಗೀಕರಿಸಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಆಶಯವೂ ಇದೇ ಆಗಿದೆ.

ಕುಟುಂಬದವರು ಗಮನಿಸಬೇಕಾದದ್ದು

ಜಾಲತಾಣದ ಒಳಗಿನ ದೋಷವನ್ನು ಹೊರಗಿನ ನಾವು ಸರಿಪಡಿಸಲಾರೆವು. ಆದರೂ ನಮ್ಮ ಕೈಯಲ್ಲಿರುವ ಎಚ್ಚರಿಕೆಗಳು ಕೆಲವಿವೆ. ಈ ದೋಷದ ಇನ್ನೊಂದು ರೂಪದಲ್ಲಿ ಸೂಚನೆಯನ್ನು ಜಾಲತಾಣದ ವಿಳಾಸದ ಬಾಲದಲ್ಲಿಯೇ ಅಡಗಿಸಿ, ವಾಟ್ಸಾಪ್ ಅಥವಾ ಇ-ಮೇಲ್ ಮೂಲಕ ಕಳುಹಿಸುತ್ತಾರೆ. ಅದನ್ನು ಒತ್ತಿದಾಗ ತೆರೆಯುವುದು ನಿಜವಾದ ಜಾಲತಾಣವೇ ಆದರೂ, ಅಡಗಿದ ಸೂಚನೆ ಜೊತೆಯಲ್ಲಿಯೇ ಕೆಲಸ ಮಾಡುತ್ತದೆ. ಆದುದರಿಂದ ಬಂದ ಕೊಂಡಿಯನ್ನು ಒತ್ತುವ ಬದಲು ವಿಳಾಸವನ್ನು ನಾವೇ ಬರೆದು ತೆರೆಯುವುದು ಮೇಲು. ಬ್ರೌಸರನ್ನು ಕಾಲಕಾಲಕ್ಕೆ ನವೀಕರಿಸಬೇಕು. ಕೆಲಸ ಮುಗಿದ ಮೇಲೆ ಖಾತೆಯಿಂದ ಹೊರಬರಬೇಕು.

ನಮ್ಮ ದೇಶದ ಜಾಲತಾಣಗಳಲ್ಲಿ ಕಾರ್ಡಿನಿಂದ ಹಣ ಕೊಡುವಾಗ ಸಾಮಾನ್ಯವಾಗಿ ಓಟಿಪಿ ಕೇಳುತ್ತಾರೆ. ಹೆಚ್ಚುವರಿ ದೃಢೀಕರಣ ಬೇಕೆಂಬ ರಿಸರ್ವ್ ಬ್ಯಾಂಕಿನ ನಿಯಮ 2009ರಿಂದ ಜಾರಿಯಲ್ಲಿದೆ. ಕಾರ್ಡಿನ ಸಂಖ್ಯೆ ಕಳುವಾದರೂ ಇದು ನಮಗೊಂದು ರಕ್ಷೆ. ಆದರೆ ಅನೇಕ ವಿದೇಶಿ ಜಾಲತಾಣಗಳಲ್ಲಿ ಓಟಿಪಿ ಇಲ್ಲದೆಯೇ ಹಣ ಸಂದಾಯವಾಗಬಹುದು. ಆದ್ದರಿಂದ ಕಾರ್ಡಿನ ವಿದೇಶಿ ಬಳಕೆಯನ್ನು ಅಗತ್ಯವಿದ್ದಾಗ ಮಾತ್ರ ತೆರೆದು ಉಳಿದ ವೇಳೆ ಮುಚ್ಚಿಡುವುದು ಒಳಿತು. ಹಣ ಹೋದದ್ದು ತಿಳಿದೊಡನೆ ಬ್ಯಾಂಕಿಗೆ ತಿಳಿಸಿ, 1930 ಸಂಖ್ಯೆಯ ರಾಷ್ಟ್ರೀಯ ಸೈಬರ್ ಅಪರಾಧ ಸಹಾಯವಾಣಿಗೆ ದೂರು ಕೊಡಬೇಕು. ನಾಚಿಕೆಯಿಂದ ಮುಚ್ಚಿಟ್ಟಷ್ಟೂ ಹಣ ಮರಳುವ ಸಾಧ್ಯತೆ ಕುಗ್ಗುತ್ತದೆ.

ನಂಬಿಕೆಯ ಮಾತು

ಮಗಳ ಮದುವೆಯ ದಿನಾಂಕ, ಮನೆಯ ವಿಳಾಸ, ದೂರವಾಣಿ ಸಂಖ್ಯೆ, ಕಷ್ಟಪಟ್ಟು ಕೂಡಿಟ್ಟ ಮುಂಗಡದ ಹಣ ಇವೆಲ್ಲವನ್ನೂ ಒಂದು ಕುಟುಂಬ ನಂಬಿಕೆಯಿಂದ ನೋಂದಣಿಯ ನಮೂನೆಯಲ್ಲಿ ತುಂಬಿ ಕೊಡುತ್ತದೆ. ರಟ್ಟಿನ ಪುಸ್ತಕದ ಕಾಲದಲ್ಲಿ ಆ ನಂಬಿಕೆಯನ್ನು ಗುಮಾಸ್ತರು ಬೀರುವಿನಲ್ಲಿಟ್ಟು ಬೀಗ ಹಾಕಿ ಕಾಪಾಡುತ್ತಿದ್ದರು. ಪುಸ್ತಕದ ರೂಪ ಬದಲಾಗಿದೆ, ಹೊಣೆ ಬದಲಾಗಿಲ್ಲ. ಈ ಲೇಖನವನ್ನು ಓದಿದವರಲ್ಲಿ ಯಾರಾದರೂ ಇಂತಹ ಸಂಸ್ಥೆಯೊಂದರ ಆಡಳಿತ ಮಂಡಳಿಯಲ್ಲಿದ್ದರೆ, ಮುಂದಿನ ಸಭೆಯಲ್ಲಿ ಮೇಲಿನ ಮೂರು ಪ್ರಶ್ನೆಗಳನ್ನು ಕೇಳಲಿ. ಮೂರಕ್ಕೂ ಉತ್ತರ ದೊರೆಯದಿದ್ದಲ್ಲಿ, ದೊರೆಯುವವರೆಗೂ ನೋಂದಣಿಯನ್ನು ಹಳೆಯ ರಟ್ಟಿನ ಪುಸ್ತಕದಲ್ಲಿಯೇ ಬರೆದುಕೊಳ್ಳಲಿ. ಅದರಲ್ಲಿ ಸಂಕೋಚಪಡುವಂಥದೇನೂ ಇಲ್ಲ.