ಪಣಂಬೂರಿಗೆ ಹೋಗಿ ಇಂಗ್ಲಿಷ್ ಮಾತಾಡೋದು ಹೇಗೆ?

ಏಪ್ರಿಲ್ ಬಂತಂದ್ರೆ ಮಂಗಳೂರಿನ ಹಾಸ್ಟೆಲ್ ರೂಮಲ್ಲಿ ಸಂಜೆ ನಾಲ್ಕರ ಮೇಲೆ ಕೂರೋದು ಕಷ್ಟ. ಫ್ಯಾನು ಬಿಸಿಗಾಳಿಯನ್ನೇ ತಿರುಗಿಸುತ್ತೆ, ಬೆವರು ಆರೋದೇ ಇಲ್ಲ. ಅದೇ ಹೊತ್ತಿಗೆ ಮೂರನೇ ವರ್ಷದವರಿಗೆ ಇನ್ನೊಂದು ಸೆಕೆ ಶುರುವಾಗಿರುತ್ತೆ: ರಜೆ ಮುಗಿದರೆ ಪ್ಲೇಸ್‌ಮೆಂಟ್. ಹತ್ತನೇ ತರಗತಿ ತನಕ ಕನ್ನಡ ಮಾಧ್ಯಮದಲ್ಲಿ ಓದಿ ಬಂದ ನಮ್ಮಲ್ಲಿ ಎಷ್ಟೋ ಜನಕ್ಕೆ ಥರ್ಮೋಡೈನಮಿಕ್ಸ್ ಅರ್ಥವಾಗಿದೆ, ಅದನ್ನ ಇಂಗ್ಲಿಷಲ್ಲಿ ಎರಡು ನಿಮಿಷ ಹೇಳಿ ಅಂದ್ರೆ ಗಂಟಲು ಕಟ್ಟುತ್ತೆ. ಈ ಎರಡೂ ಸೆಕೆಗೆ ನಾನು ಹೇಳೋ ಔಷಧಿ ಒಂದೇ. ಸ್ಟೇಟ್ ಬ್ಯಾಂಕ್ ಸ್ಟ್ಯಾಂಡಲ್ಲಿ ಸಿಟಿ ಬಸ್ ಹತ್ತಿ, ಪಣಂಬೂರಿಗೆ ಹೋಗಿ.

ಇಂಗ್ಲಿಷ್ ಅಭ್ಯಾಸ ಅಂದ ಕೂಡಲೇ ನಾವು ಮಾಡೋದೇನು? ಇಬ್ಬರು ಎದುರುಬದುರು ಕೂತು ‘ಟೆಲ್ ಮಿ ಅಬೌಟ್ ಯುವರ್‌ಸೆಲ್ಫ್’ ಆಡೋದು. ಅದು ಬಾಯಿಪಾಠ. ಕೇಳುವವನಿಗೂ ಉತ್ತರ ಗೊತ್ತು, ಹೇಳುವವನಿಗೂ ಗೊತ್ತು. ಭಾಷೆ ನಾಲಿಗೆಗೆ ಹತ್ತೋದು ಕಣ್ಣೆದುರಿಗೆ ಇರೋದನ್ನ ಇನ್ನೊಬ್ಬರಿಗೆ ಬಿಡಿಸಿ ಹೇಳುವಾಗ. ಬೇಸಿಗೆಯ ಕಡಲತೀರದಲ್ಲಿ ಬಿಡಿಸಿ ಹೇಳಬೇಕಾದದ್ದು ಕಣ್ಣು ಹಾಯಿಸಿದಲ್ಲೆಲ್ಲ ಇದೆ.

ಗಾಳಿಯಿಂದಲೇ ಶುರು ಮಾಡಿ. ಮಧ್ಯಾಹ್ನದ ಮೇಲೆ ಕಡಲಿಂದ ದಡಕ್ಕೆ ಗಾಳಿ ಬೀಸುತ್ತೆ, ಯಾಕೆ? ನೀರಿನ ವಿಶಿಷ್ಟೋಷ್ಣ ಕೆ.ಜಿ.ಗೆ ಸುಮಾರು 4.2 ಕಿಲೋಜೂಲ್, ಒಣ ಮರಳಿನದು ಸುಮಾರು 0.8. ಜೊತೆಗೆ ಮರಳಿನ ಬಿಸಿ ಮೇಲಿನ ಕೆಲವು ಸೆಂಟಿಮೀಟರಿನಲ್ಲೇ ಉಳಿಯುತ್ತೆ, ಕಡಲಿನ ನೀರು ಕಲಕಿಕೊಂಡು ಆಳಕ್ಕೆ ಹಂಚಿಕೊಳ್ಳುತ್ತೆ. ಹಾಗಾಗಿ ನೆಲ ಬೇಗ ಕಾಯುತ್ತೆ, ಅದರ ಮೇಲಿನ ಗಾಳಿ ಹಗುರವಾಗಿ ಏರುತ್ತೆ, ಆ ಜಾಗಕ್ಕೆ ಕಡಲ ಮೇಲಿನ ತಂಪು ಗಾಳಿ ನುಗ್ಗುತ್ತೆ. ಇದನ್ನ ಕನ್ನಡದಲ್ಲಿ ಒಮ್ಮೆ ಹೇಳಿಕೊಳ್ಳಿ, ಆಮೇಲೆ ಇಂಗ್ಲಿಷಲ್ಲಿ: ‘ದ ಸ್ಯಾಂಡ್ ಹೀಟ್ಸ್ ಅಪ್ ಫಾಸ್ಟರ್ ದ್ಯಾನ್ ದ ವಾಟರ್.’ ಚಪ್ಪಲಿ ಬಿಟ್ಟು ನಿಂತರೆ ಆ ವಾಕ್ಯ ಮರೆಯೋ ಪ್ರಶ್ನೆಯೇ ಇಲ್ಲ.

ಜೊತೆಯಲ್ಲಿ ಬಂದ ಗೆಳೆಯನಿಗೆ ಕೆಲಸ ಒಂದೇ, ‘ವೈ?’, ‘ಹೌ?’ ಅಂತ ಕೇಳ್ತಾ ಇರೋದು. ತಪ್ಪು ತಿದ್ದೋಕೆ ಹೋಗಬಾರದು. ಪದ ಸಿಗದಿದ್ರೆ ಆ ಒಂದು ಪದ ಕನ್ನಡದಲ್ಲೇ ಹಾಕಿ ಮುಂದೆ ಹೋಗಿ. ‘ಓನ್ಲಿ ಇಂಗ್ಲಿಷ್, ಕನ್ನಡ ಬಂದ್ರೆ ಹತ್ತು ರೂಪಾಯಿ ದಂಡ’ ಅನ್ನೋ ಆಟದ ಮೇಲೆ ನನಗೆ ನಂಬಿಕೆ ಇಲ್ಲ. ಅದರಿಂದ ಮಾತು ಕಲಿಯಲ್ಲ, ಮೌನ ಕಲೀತಾರೆ.

ಈಗ ಉತ್ತರಕ್ಕೆ ನೋಡಿ. ಕಲ್ಲು ಸುರಿದು ಕಟ್ಟಿದ ಅಲೆತಡೆ, ಅದರಾಚೆ ನವಮಂಗಳೂರು ಬಂದರು. 1974ರಲ್ಲಿ ಪ್ರಮುಖ ಬಂದರು ಅಂತ ಘೋಷಣೆಯಾಯ್ತು. ದೂರದಲ್ಲಿ ಲಂಗರು ಹಾಕಿ ಸರದಿ ಕಾಯುವ ಹಡಗುಗಳು. ಕನ್ನಡಿಗರು ಎಡವೋ ಜಾಗ ಇಲ್ಲಿದೆ. ನಾವು ‘ಬಂದರಿನ ಹೊರಗೆ ಕಾಯ್ತಿರೋ ಹಡಗು’ ಅಂತ ವಿವರ ಮೊದಲು ಹೇಳಿ ವಸ್ತು ಕೊನೆಗೆ ಇಡ್ತೀವಿ. ಇಂಗ್ಲಿಷ್ ಉಲ್ಟಾ: ‘ದ ಶಿಪ್ ದಟ್ ಈಸ್ ವೇಟಿಂಗ್ ಔಟ್‌ಸೈಡ್ ದ ಪೋರ್ಟ್.’ ಮೊದಲು ಹಡಗು, ಆಮೇಲೆ ಅದರ ಕತೆ. ಈ ತಿರುವು ಕೈವಶವಾದ್ರೆ ಪ್ರಾಜೆಕ್ಟ್ ವಿವರಿಸುವಾಗಿನ ಅರ್ಧ ತಡವರಿಕೆ ಹೋಗುತ್ತೆ. ‘ಅ’ ಮತ್ತು ‘ದ’ ಕೂಡ ಇಲ್ಲೇ ಬಗೆಹರಿಯುತ್ತೆ. ಮೊದಲ ಸಲ ಕಂಡಾಗ ‘ಅ ಶಿಪ್’, ಅದರ ಬಗ್ಗೆಯೇ ಮುಂದೆ ಮಾತಾಡುವಾಗ ‘ದ ಶಿಪ್’. ‘ಒಂದು ಹಡಗು’, ‘ಆ ಹಡಗು’ ಅಂದುಕೊಳ್ಳಿ, ಸಾಕು.

ಉಚ್ಚಾರಣೆಯಲ್ಲಿ ನಮಗೊಂದು ಲಾಭ ಇದೆ. ಶಿಪ್-ಶೀಪ್ ವ್ಯತ್ಯಾಸಕ್ಕೆ ಬೇರೆ ಎಷ್ಟೋ ಭಾಷೆಯವರು ಒದ್ದಾಡ್ತಾರೆ, ಹ್ರಸ್ವ-ದೀರ್ಘ ಕಲಿತ ನಮಗೆ ಅದು ಸುಲಭ. ‘ಬೀಚ್’ ಅನ್ನುವಾಗ ಮಾತ್ರ ದೀರ್ಘ ಬಿಡಬೇಡಿ, ಅರ್ಥ ಕೆಡುತ್ತೆ! ನಷ್ಟ ಇರೋದು ‘ವೇವ್’ ಪದದಲ್ಲಿ. ನಮ್ಮ ಬಾಯಲ್ಲಿ ಎರಡೂ ‘ವ’ ಒಂದೇ. ಅಲ್ಲಿ ಮೊದಲನೆಯದಕ್ಕೆ ತುಟಿ ದುಂಡಗಾಗಬೇಕು, ಕೊನೆಯದಕ್ಕೆ ಮೇಲಿನ ಹಲ್ಲು ಕೆಳತುಟಿಗೆ ತಾಗಬೇಕು. ಅಲೆ ಎಣಿಸ್ತಾ ಐವತ್ತು ಸಲ ಹೇಳಿ. ಅಲೆಯ ಸದ್ದಲ್ಲಿ ಯಾರಿಗೂ ಕೇಳಿಸೋದಿಲ್ಲ, ನಾಚಿಕೆ ಬೇಡ.

ಇನ್ನು ನೀರಿನ ವಿಷಯ. ಒಳನಾಡಿನಿಂದ ಬಂದ ವಿದ್ಯಾರ್ಥಿಗಳು ಕಡಲುಪಾಲಾದ ಸುದ್ದಿಯನ್ನ ಪೇಪರಲ್ಲಿ ಓದಿರ್ತೀರಿ. ಬಾವಿಯಲ್ಲೋ ಕೆರೆಯಲ್ಲೋ ಈಜು ಕಲಿತವರಿಗೆ ಕಡಲೂ ಹಾಗೇ ಅನ್ನಿಸುತ್ತೆ. ಅಲೆಗಳು ದಡಕ್ಕೆ ತಂದು ಸುರಿದ ನೀರು ವಾಪಸ್ ಹೋಗಲೇಬೇಕು. ಮರಳದಿಬ್ಬದ ನಡುವೆ ತಗ್ಗು ಸಿಕ್ಕಲ್ಲಿ, ಇಲ್ಲವೇ ಅಲೆತಡೆಯಂಥ ಕಟ್ಟಡದ ಪಕ್ಕದಲ್ಲಿ, ಅದು ಕಿರಿದಾದ ಹಾದಿ ಹಿಡಿದು ರಭಸದಿಂದ ಹೊರಗೆ ಹರಿಯುತ್ತೆ. ಅಡ್ಡಕೊಯ್ತ ಕಿರಿದಾದರೆ ವೇಗ ಹೆಚ್ಚಬೇಕು, ಫ್ಲೂಯಿಡ್ಸ್ ಪೇಪರಿನ ಕಂಟಿನ್ಯೂಯಿಟಿ ಸಮೀಕರಣವೇ ಇದು. ಇದರ ಹೆಸರು ರಿಪ್ ಕರೆಂಟ್. ಮೋಸ ಏನಂದ್ರೆ, ಅಲ್ಲಿ ಅಲೆ ಒಡೆಯೋದು ಕಡಿಮೆ, ಹಾಗಾಗಿ ಸುತ್ತಲಿನದಕ್ಕಿಂತ ಶಾಂತವಾಗಿ ಕಾಣುತ್ತೆ. ಈಜು ಬಾರದವರು ಅದನ್ನೇ ಒಳ್ಳೇ ಜಾಗ ಅಂದುಕೊಂಡು ಇಳೀತಾರೆ.

ಇಂಗ್ಲಿಷಲ್ಲಿ ಇದನ್ನ ವಿವರಿಸುವಾಗ ಒಂದು ಸಣ್ಣ ಪದದ ಮೇಲೆ ಜೀವ ನಿಂತಿದೆ: ‘ಇಟ್ ಪುಲ್ಸ್ ಯು ಔಟ್, ನಾಟ್ ಅಂಡರ್.’ ಅದು ಹೊರಗೆ ಎಳೆಯುತ್ತೆ, ಕೆಳಗೆ ಎಳೆಯೋದಿಲ್ಲ. ಮುಳುಗೋದು ಬಹುಪಾಲು ಗಾಬರಿಯಿಂದ, ದಡದ ಕಡೆಗೇ ಎದುರೀಜಿ ಸುಸ್ತಾಗಿ. ಹಾಗಾಗಿ ಮುಂದಿನ ವಾಕ್ಯ: ‘ಸ್ವಿಮ್ ಪ್ಯಾರಲಲ್ ಟು ದ ಶೋರ್.’ ದಡಕ್ಕೆ ಸಮಾನಾಂತರವಾಗಿ ಈಜಿ ಆ ಹಾದಿಯಿಂದ ಆಚೆ ಬನ್ನಿ, ಆಮೇಲೆ ದಡಕ್ಕೆ. ಆಗದಿದ್ರೆ ತೇಲ್ತಾ ಕೈ ಎತ್ತಿ ಕರೆಯಿರಿ. ಈಜು ಬಾರದವರು ಮೊಣಕಾಲಿನ ಮೇಲೆ ನೀರು ಬರೋ ಕಡೆ ಹೋಗಲೇಬೇಡಿ. ಜೀವರಕ್ಷಕರ ಬಾವುಟದ ಭಾಷೆಯೂ ಗೊತ್ತಿರಲಿ. ಅಂತರರಾಷ್ಟ್ರೀಯ ಪದ್ಧತಿಯಲ್ಲಿ ಕೆಂಪು-ಹಳದಿ ಅಂದ್ರೆ ಕಾವಲಿರುವ ಜಾಗ, ಕೆಂಪು ಅಂದ್ರೆ ಅಪಾಯ, ಎರಡು ಕೆಂಪು ಅಂದ್ರೆ ನೀರಿಗೆ ಇಳಿಯುವಂತಿಲ್ಲ. ಬಾವುಟ ಇರಲಿ ಬಿಡಲಿ, ಸೀಟಿ ಊದಿದ್ರೆ ಮರುಮಾತಿಲ್ಲದೆ ವಾಪಸ್ ಬನ್ನಿ.

ಚರುಮುರಿ ಮಾರುವವರ ಹತ್ತಿರ ಮಾತ್ರ ದಯವಿಟ್ಟು ಇಂಗ್ಲಿಷ್ ಪ್ರಯೋಗ ಬೇಡ. ಅವರಿಗೆ ವ್ಯಾಪಾರದ ಹೊತ್ತು. ‘ಎಂಚ ಉಲ್ಲರ್’ ಅಂತ ತುಳುವಿನಲ್ಲಿ ಕೇಳಿ ನೋಡಿ, ಮುಖ ಅರಳುತ್ತೆ.

ಪಣಂಬೂರಲ್ಲಿ ಭಾನುವಾರ ಜಾತ್ರೆಯಂಥ ಗದ್ದಲ. ಹಾಗಿದ್ರೆ ತಣ್ಣೀರುಬಾವಿ ವಾಸಿ. ಒಂದು ಕಡೆ ಗುರುಪುರ ನದಿ, ಇನ್ನೊಂದು ಕಡೆ ಕಡಲು, ನಡುವೆ ಉದ್ದದ ಮರಳಪಟ್ಟಿ. ಮಾತು ರೆಕಾರ್ಡ್ ಮಾಡೋದಾದ್ರೆ ಅಲ್ಲಿನ ಮರಗಳ ಮರೆಗೆ ಬನ್ನಿ, ಬಯಲಲ್ಲಿ ಫೋನಿಗೆ ಸಿಗೋದು ಬರೀ ಗಾಳಿಯ ಸದ್ದು. ಮೇ ಕೊನೆಯೊಳಗೆ ಹೋಗಿ ಬನ್ನಿ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಮೀನುಗಾರಿಕೆಗೇ ನಿಷೇಧ, ಕಡಲು ಅಷ್ಟು ಒರಟಾಗಿರುತ್ತೆ. ಆಗ ಬಂದರಿನ ದಕ್ಕೆಯ ಕಡೆ ನಡೆಯಿರಿ. ಒತ್ತೊತ್ತಾಗಿ ಕಟ್ಟಿಹಾಕಿದ ಬೋಟುಗಳನ್ನ ತೋರಿಸಿ ನಿಮ್ಮ ಗೆಳೆಯ ಮತ್ತೆ ‘ವೈ?’ ಅಂತಾನೆ.